ಓಟೊ ಕೋನಿಗ್ಸ್‌ಬರ್ಗರ್

ಓಟೊ ಹೈನ್ರಿಕ್ ಕೋನಿಗ್ಸ್‌ಬರ್ಗರ್ (ಅಕ್ಟೋಬರ್ 13, 1908 – ಜನವರಿ 3, 1999) ಜರ್ಮನಿಯಲ್ಲಿ ಜನಿಸಿದ ವಾಸ್ತುಶಿಲ್ಪಿ, ನಗರ ಯೋಜಕ ಹಾಗೂ ಶಿಕ್ಷಕ. 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ನೇಮಕಗೊಂಡ ಇವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳನ್ನು ವಿನ್ಯಾಸಗೊಳಿಸಿದರು. ಒಡಿಶಾದ ರಾಜಧಾನಿ ಭುವನೇಶ್ವರದ ನಗರ ಯೋಜನೆ ಇವರದು. ಸ್ವಾತಂತ್ರ್ಯಾನಂತರ ಭಾರತ ಸರ್ಕಾರದ ವಸತಿ ನಿರ್ದೇಶಕರಾಗಿ, ದೇಶ ವಿಭಜನೆಯಿಂದ ನಿರಾಶ್ರಿತರಾದವರಿಗೆ ಮನೆ ಒದಗಿಸುವ ಕಾರ್ಯದಲ್ಲಿ ತೊಡಗಿದರು. ಕಾರ್ಖಾನೆಯಲ್ಲಿ ತಯಾರಿಸಿದ ಹಗುರವಾದ ಕಾಂಕ್ರೀಟ್ ಹಲಗೆಗಳಿಂದ ಮನೆ ಕಟ್ಟುವ ಭಾರತದ ಮೊದಲ ದೊಡ್ಡ ಪ್ರಯತ್ನಗಳಲ್ಲೊಂದು ಇವರ ಅಧಿಕಾರಾವಧಿಯಲ್ಲಿ ನಡೆದು ವಿಫಲವಾಯಿತು. ಮುಂದೆ ಲಂಡನ್ನಿನಲ್ಲಿ ನೆಲೆಸಿ, ಉಷ್ಣವಲಯದ ಕಟ್ಟಡ ವಿನ್ಯಾಸವನ್ನು ಒಂದು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಪ್ರಮುಖರೆನಿಸಿದರು.

ಜನನ ಮತ್ತು ಶಿಕ್ಷಣ

ಕೋನಿಗ್ಸ್‌ಬರ್ಗರ್ ಬರ್ಲಿನ್ ನಗರದ ಯಹೂದಿ ಮೂಲದ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಗೇಯಾರ್ಗ್ ಕೋನಿಗ್ಸ್‌ಬರ್ಗರ್ ವಾಸ್ತುಶಿಲ್ಪಿ. ತಾಯಿ ಕೇಟೆ, ಮುಂದೆ ಭೌತವಿಜ್ಞಾನದಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಮ್ಯಾಕ್ಸ್ ಬಾರ್ನ್ ಅವರ ಸಹೋದರಿ. ಹೀಗೆ ಕಟ್ಟಡ ವಿದ್ಯೆ ತಂದೆಯ ಕಡೆಯಿಂದ, ವಿಜ್ಞಾನದ ವಾತಾವರಣ ತಾಯಿಯ ಕಡೆಯಿಂದ ಇವರಿಗೆ ದೊರೆಯಿತು.

ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ವಾಸ್ತುಶಿಲ್ಪವನ್ನು ಅಭ್ಯಾಸ ಮಾಡಿ 1931ರಲ್ಲಿ ಪದವಿ ಪಡೆದರು. ಹ್ಯಾನ್ಸ್ ಪೋಲ್ಜಿಗ್ ಮತ್ತು ಬ್ರೂನೋ ಟೌಟ್ ಇವರ ಗುರುಗಳಲ್ಲಿ ಮುಖ್ಯರು. ಬ್ರೂನೋ ಟೌಟ್ ಬರ್ಲಿನ್ನಿನ ಕಾರ್ಮಿಕರಿಗಾಗಿ ಬೆಳಕು, ಗಾಳಿ ಹಾಗೂ ತೋಟಗಳಿಂದ ಕೂಡಿದ ದೊಡ್ಡ ವಸತಿ ಬಡಾವಣೆಗಳನ್ನು ನಿರ್ಮಿಸಿ ಹೆಸರಾದವರು. ಸಾಮಾನ್ಯ ಜನರ ಮನೆಯೂ ವಾಸ್ತುಶಿಲ್ಪಿಯ ಗಂಭೀರ ಕೆಲಸವೆಂಬ ಭಾವನೆ ಆ ಕಾಲದ ಜರ್ಮನ್ ವಿದ್ಯಾರ್ಥಿಗಳಲ್ಲಿ ಬೇರೂರಿತ್ತು.

1933ರಲ್ಲಿ ಕೋನಿಗ್ಸ್‌ಬರ್ಗರ್ ಅವರಿಗೆ ಪ್ರತಿಷ್ಠಿತ ಶಿಂಕೆಲ್ ಪ್ರಶಸ್ತಿ ದೊರೆಯಿತು. ಅದೇ ವರ್ಷ ನಾಜಿ ಪಕ್ಷ ಅಧಿಕಾರಕ್ಕೆ ಬಂದು, ಯಹೂದಿಗಳನ್ನು ಸರ್ಕಾರಿ ಸೇವೆಯಿಂದ ಹೊರಹಾಕುವ ಕಾನೂನನ್ನು ಜಾರಿಗೊಳಿಸಿತು. ಪ್ರಶಸ್ತಿ ಪಡೆದ ವರ್ಷವೇ ಇವರ ಪಾಲಿಗೆ ಸ್ವದೇಶದಲ್ಲಿ ಉದ್ಯೋಗದ ಬಾಗಿಲು ಮುಚ್ಚಿತು. ಆಗ ಇವರಿಗೆ 25 ವರ್ಷವೂ ತುಂಬಿರಲಿಲ್ಲ.

ಈಜಿಪ್ಟಿನ ವರ್ಷಗಳು

ಜರ್ಮನಿಯನ್ನು ತೊರೆದ ಕೋನಿಗ್ಸ್‌ಬರ್ಗರ್ ಈಜಿಪ್ಟಿಗೆ ತೆರಳಿದರು. ನೆಫರ್ಟಿಟಿ ರಾಣಿಯ ಪ್ರಸಿದ್ಧ ಶಿಲ್ಪವನ್ನು ಉತ್ಖನನದಲ್ಲಿ ಪತ್ತೆ ಹಚ್ಚಿದ ಪುರಾತತ್ವಜ್ಞ ಲುಡ್ವಿಗ್ ಬೋರ್ಕಾರ್ಟ್ ಇವರ ಬಂಧು. ಅವರ ಮಾರ್ಗದರ್ಶನದಲ್ಲಿ ಪ್ರಾಚೀನ ಕಟ್ಟಡಗಳ ಸಂಶೋಧನೆಯಲ್ಲಿ ತೊಡಗಿದರು. ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆಯನ್ನು ಕುರಿತು ಇವರು ಬರೆದ ಪ್ರಬಂಧ 1936ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ಮರದ ತುಂಡುಗಳನ್ನು ಹೇಗೆ ಜೋಡಿಸಿದ್ದಾರೆ, ಬಾಗಿಲು ಯಾವ ಆಧಾರದ ಮೇಲೆ ತಿರುಗುತ್ತದೆ ಎಂಬಂಥ ಸೂಕ್ಷ್ಮ ವಿಷಯಗಳು ಇಂತಹ ಅಧ್ಯಯನದ ತಿರುಳು. ಬಿಸಿಲಿನ ದೇಶದಲ್ಲಿ ದಪ್ಪ ಗೋಡೆ, ಚಿಕ್ಕ ಕಿಟಕಿ, ಒಳಾಂಗಣಗಳು ಮನೆಯನ್ನು ತಂಪಾಗಿಡುವ ಬಗೆಯನ್ನು ಕಣ್ಣಾರೆ ಕಾಣುವ ಅವಕಾಶವೂ ಈ ವರ್ಷಗಳಲ್ಲಿ ಒದಗಿತು.

ಮೈಸೂರು ಸಂಸ್ಥಾನದ ಸೇವೆ

ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ ಮ್ಯಾಕ್ಸ್ ಬಾರ್ನ್ 1935–36ರಲ್ಲಿ ಕೆಲವು ತಿಂಗಳ ಕಾಲ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಹೀಗೆ ಮೈಸೂರು ಸಂಸ್ಥಾನದ ಪರಿಚಯ ಈ ಕುಟುಂಬಕ್ಕೆ ಮೊದಲೇ ಇತ್ತು. 1939ರಲ್ಲಿ, ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, ಕೋನಿಗ್ಸ್‌ಬರ್ಗರ್ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯ ಹುದ್ದೆಗೆ ಬಂದರು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರಾಗಿದ್ದರು. 1940ರಲ್ಲಿ ಅವರು ನಿಧನರಾದ ಮೇಲೆ ಜಯಚಾಮರಾಜ ಒಡೆಯರ್ ಪಟ್ಟಕ್ಕೆ ಬಂದರು.

ಮಿರ್ಜಾ ಇಸ್ಮಾಯಿಲ್ ಅವರು ನಗರ ಸೌಂದರ್ಯದಲ್ಲಿ ಅತ್ಯಾಸಕ್ತರು. ಉದ್ಯಾನ, ವೃತ್ತ, ಮಂಟಪ, ಗುಮ್ಮಟಗಳಿಂದ ಊರುಗಳನ್ನು ಅಲಂಕರಿಸುವುದು ಅವರಿಗೆ ಪ್ರಿಯವಾಗಿತ್ತು. ಕೋನಿಗ್ಸ್‌ಬರ್ಗರ್ ಅವರ ಶಿಕ್ಷಣವಾದರೋ ಅಲಂಕಾರವನ್ನು ಬಿಟ್ಟು ಉಪಯುಕ್ತತೆಯನ್ನು ಮುಂದಿಡುವ ಆಧುನಿಕ ಪಂಥದ್ದು. ಬೆಂಗಳೂರಿನ ಬಸವನಗುಡಿಯಲ್ಲಿರುವ ಕೃಷ್ಣರಾವ್ ಉದ್ಯಾನದ ಮಂಟಪದಲ್ಲಿ ಈ ಎರಡೂ ದೃಷ್ಟಿಗಳು ಹೊಂದಿಕೊಂಡಿರುವುದನ್ನು ಕಾಣಬಹುದು. ಸರಳವಾದ ರಚನೆಯ ಮೇಲೆ ಮೈಸೂರು ಶೈಲಿಯ ಮೇಲ್ಗಟ್ಟು ಅಲ್ಲಿದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಇವರಿಗೆ ಹೆಚ್ಚಿನ ಸ್ವಾತಂತ್ರ್ಯ ದೊರೆಯಿತು. ಎರಡನೆಯ ಮಹಾಯುದ್ಧದ ಆ ದಿನಗಳಲ್ಲಿ ಬೆಂಗಳೂರು ವಿಮಾನೋದ್ಯಮದ ಕೇಂದ್ರವಾಗಿ ಬೆಳೆಯುತ್ತಿತ್ತು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ಸ್ಥಾಪನೆಯಾಯಿತು. 1942ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರ ವಿಭಾಗ ಆರಂಭವಾಯಿತು. ಈ ವಿಭಾಗದ ಕಟ್ಟಡ, ಲೋಹಶಾಸ್ತ್ರ ವಿಭಾಗದ ಕಟ್ಟಡ ಹಾಗೂ ವಿದ್ಯಾರ್ಥಿಗಳ ಭೋಜನಶಾಲೆ ಮತ್ತು ಸಭಾಂಗಣ ಕೋನಿಗ್ಸ್‌ಬರ್ಗರ್ ಅವರ ವಿನ್ಯಾಸಗಳು. ಯುದ್ಧದಿಂದಾಗಿ ಉಕ್ಕು ಮತ್ತು ಸಿಮೆಂಟು ದುರ್ಲಭವಾಗಿದ್ದ ಕಾಲವದು. ಸ್ಥಳೀಯ ಸಾಮಗ್ರಿಗಳನ್ನು ಬಳಸಿ, ಗೋಡೆಗೆ ನೆರಳು ಬೀಳುವಂತೆ ಚಾಚುಗಳನ್ನಿಟ್ಟು, ಗಾಳಿ ಅಡ್ಡಲಾಗಿ ಹಾಯುವಂತೆ ಕೋಣೆಗಳನ್ನು ಜೋಡಿಸುವುದು ಆ ಕಾಲದಲ್ಲಿ ಅನಿವಾರ್ಯವೂ ಆಗಿತ್ತು, ಇವರ ಅಭಿರುಚಿಗೆ ಒಪ್ಪುವಂತೆಯೂ ಇತ್ತು.

ಸಂಸ್ಥಾನದ ಹವಾಮಾನವೈವಿಧ್ಯ

ಮೈಸೂರು ಸಂಸ್ಥಾನ ಚಿಕ್ಕದಾದರೂ ಹವಾಮಾನದಲ್ಲಿ ಏಕರೂಪವಾಗಿರಲಿಲ್ಲ. ಇದಕ್ಕೆ ಹಾಸನ ಜಿಲ್ಲೆಯೊಂದೇ ಸಾಕಷ್ಟು ನಿದರ್ಶನ. ಜಿಲ್ಲೆಯ ಪೂರ್ವದಲ್ಲಿರುವ ಅರಸೀಕೆರೆ ಒಣ ಬಯಲುಸೀಮೆ. ಪಶ್ಚಿಮಕ್ಕೆ ಸಾಗಿದಂತೆ ಆಲೂರಿನ ಬಳಿ ಅರೆಮಲೆನಾಡು ಆರಂಭವಾಗುತ್ತದೆ. ಹಿಂದೆ ಮಂಜರಾಬಾದ್ ಎಂದು ಕರೆಸಿಕೊಳ್ಳುತ್ತಿದ್ದ ಸಕಲೇಶಪುರ ತಾಲ್ಲೂಕು ಪಶ್ಚಿಮಘಟ್ಟದ ಅಂಚಿನಲ್ಲಿದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರಿ ಮಳೆಯನ್ನು ಪಡೆಯುತ್ತದೆ. ಬಯಲುಸೀಮೆಯಲ್ಲಿ ದಪ್ಪ ಮಣ್ಣಿನ ಗೋಡೆ ಮತ್ತು ಮಣ್ಣಿನ ಮಾಳಿಗೆ ಹಗಲಿನ ಬಿಸಿಯನ್ನು ತಡೆದರೆ, ಕಾಫಿ ಮತ್ತು ಏಲಕ್ಕಿ ಬೆಳೆಯುವ ಬೆಟ್ಟಗಳ ಸೀಮೆಯಲ್ಲಿ ಕಡಿದಾದ ಹೆಂಚಿನ ಮಾಡು ಮತ್ತು ಅಗಲವಾದ ಸೂರು ಗೋಡೆಯನ್ನು ಮಳೆಯಿಂದ ಕಾಪಾಡುತ್ತವೆ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಮಂಗಳೂರು ಹೆಂಚು ಘಟ್ಟದ ಮೇಲಿನ ಊರುಗಳಿಗೂ ಹಬ್ಬಿತು.

ಒಂದೇ ನಮೂನೆಯ ಮನೆ ಎಲ್ಲ ಊರಿಗೂ ಒಗ್ಗದು ಎಂಬುದಕ್ಕೆ ಇಂತಹ ಪ್ರದೇಶಕ್ಕಿಂತ ಉತ್ತಮ ಪಾಠಶಾಲೆ ಬೇಕಿಲ್ಲ. ಹವಾಮಾನವನ್ನು ಅಳೆದು ವರ್ಗೀಕರಿಸಿ, ಆಯಾ ವರ್ಗಕ್ಕೆ ತಕ್ಕ ಗೋಡೆ, ಮಾಡು ಮತ್ತು ಕಿಟಕಿಗಳನ್ನು ನಿರ್ಧರಿಸುವ ಪದ್ಧತಿ ಕೋನಿಗ್ಸ್‌ಬರ್ಗರ್ ಅವರ ಮುಂದಿನ ಬೋಧನೆಯ ಅಡಿಗಲ್ಲಾಯಿತು.

ಜಮ್‌ಶೆಡ್‌ಪುರ ಮತ್ತು ಭುವನೇಶ್ವರ

ಮೈಸೂರಿನ ಸೇವೆಯಲ್ಲಿದ್ದಾಗಲೇ ಟಾಟಾ ಸಂಸ್ಥೆಯ ಕೆಲಸಗಳೂ ಇವರಿಗೆ ಬಂದವು. ಅವುಗಳಲ್ಲಿ ಮುಖ್ಯವಾದುದು 1940ರ ದಶಕದ ಮಧ್ಯಭಾಗದಲ್ಲಿ ಸಿದ್ಧಪಡಿಸಿದ, ಉಕ್ಕಿನ ನಗರ ಜಮ್‌ಶೆಡ್‌ಪುರದ ಅಭಿವೃದ್ಧಿ ಯೋಜನೆ. ಶಾಲೆ, ಅಂಗಡಿ, ಆಟದ ಮೈದಾನಗಳು ನಡಿಗೆಯ ದೂರದಲ್ಲಿರುವಂತೆ ಊರನ್ನು ನೆರೆಹೊರೆಯ ಘಟಕಗಳಾಗಿ ವಿಂಗಡಿಸುವ ವಿಧಾನವನ್ನು ಇದರಲ್ಲಿ ಅನುಸರಿಸಿದರು. 1946ರಲ್ಲಿ ಮುಲ್ಕ್ ರಾಜ್ ಆನಂದ್ ಅವರ ನೇತೃತ್ವದಲ್ಲಿ ಮುಂಬಯಿಯಿಂದ ಹೊರಟ ಮಾರ್ಗ್ ಪತ್ರಿಕೆಯ ಆರಂಭದ ಬಳಗದಲ್ಲಿಯೂ ಇವರಿದ್ದರು.

ಒಡಿಶಾದ ರಾಜಧಾನಿಯನ್ನು ಕಟಕ್‌ನಿಂದ ಭುವನೇಶ್ವರಕ್ಕೆ ವರ್ಗಾಯಿಸಲು ನಿರ್ಧಾರವಾದಾಗ ಹೊಸ ನಗರದ ಯೋಜನೆಯ ಹೊಣೆ ಕೋನಿಗ್ಸ್‌ಬರ್ಗರ್ ಅವರಿಗೆ ಬಂತು. 1948ರ ಏಪ್ರಿಲ್ 13ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅಲ್ಲಿ ಶಂಕುಸ್ಥಾಪನೆ ಮಾಡಿದರು. ಪ್ರಾಚೀನ ದೇವಾಲಯಗಳ ಊರನ್ನು ಅದರ ಪಾಡಿಗೆ ಉಳಿಸಿಕೊಂಡು, ಅದರ ಪಕ್ಕದಲ್ಲಿ ತಗ್ಗು ಕಟ್ಟಡಗಳ, ಮರಗಳ ನೆರಳಿನ ರಸ್ತೆಗಳ ಹೊಸ ಊರು ರೂಪುಗೊಂಡಿತು. ಜೂಲಿಯಸ್ ವಾಜ್ ಅವರು ಅಲ್ಲಿನ ಅನೇಕ ಸರ್ಕಾರಿ ಕಟ್ಟಡಗಳನ್ನು ವಿನ್ಯಾಸಗೊಳಿಸಿದರು. ಚಂಡೀಗಢಕ್ಕಿಂತ ಮೊದಲೇ ಆರಂಭವಾದ ಈ ರಾಜಧಾನಿಯ ಯೋಜನೆ ಸ್ವತಂತ್ರ ಭಾರತದ ನಗರ ನಿರ್ಮಾಣದ ಇತಿಹಾಸದಲ್ಲಿ ಮಹತ್ವದ ಸ್ಥಾನ ಪಡೆದಿದೆ.

ನಿರಾಶ್ರಿತರ ವಸತಿ

1947ರ ವಿಭಜನೆಯಲ್ಲಿ ಒಂದು ಕೋಟಿಗೂ ಹೆಚ್ಚು ಜನ ಮನೆಮಠ ಕಳೆದುಕೊಂಡು ಗಡಿ ದಾಟಿದರು. ದೆಹಲಿಯೊಂದಕ್ಕೇ ಸುಮಾರು 5 ಲಕ್ಷ ನಿರಾಶ್ರಿತರು ಬಂದರು. ಹಳೆಯ ಕೋಟೆಗಳು, ಗೋರಿಗಳ ಆವರಣಗಳು, ಶಾಲೆಗಳು ಮತ್ತು ಬಟ್ಟೆಯ ಗುಡಾರಗಳು ಅವರ ವಾಸಸ್ಥಾನಗಳಾದವು. ಇಂತಹ ಸಂದರ್ಭದಲ್ಲಿ, 1948ರಲ್ಲಿ, ರಾಜಕುಮಾರಿ ಅಮೃತ್ ಕೌರ್ ಅವರು ಸಚಿವೆಯಾಗಿದ್ದ ಆರೋಗ್ಯ ಸಚಿವಾಲಯದಲ್ಲಿ ಕೋನಿಗ್ಸ್‌ಬರ್ಗರ್ ವಸತಿ ನಿರ್ದೇಶಕರಾಗಿ ನೇಮಕಗೊಂಡರು.

ಈ ಅವಧಿಯಲ್ಲಿ ಫರೀದಾಬಾದ್, ನೀಲೋಖೇರಿ, ರಾಜಪುರ, ಗಾಂಧಿಧಾಮ ಮೊದಲಾದ ಹೊಸ ಊರುಗಳು ಹುಟ್ಟಿಕೊಂಡವು. ಅವುಗಳ ಅನುಭವವನ್ನು ಕುರಿತು ಕೋನಿಗ್ಸ್‌ಬರ್ಗರ್ 1952ರಲ್ಲಿ ಪ್ರಕಟಿಸಿದ ಲೇಖನ ಇಂದಿಗೂ ಸಂಶೋಧಕರು ಬಳಸುವ ಆಕರವಾಗಿದೆ. ನೀಲೋಖೇರಿಯಲ್ಲಿ ಎಸ್. ಕೆ. ಡೇ ಅವರೂ, ಫರೀದಾಬಾದಿನಲ್ಲಿ ಸುಧೀರ್ ಘೋಷ್ ಅವರೂ ಮುಂದಾಳುಗಳಾಗಿದ್ದರು. ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರ ಭಾರತೀಯ ಸಹಕಾರ ಒಕ್ಕೂಟ ಫರೀದಾಬಾದಿನ ನಿರಾಶ್ರಿತರನ್ನು ಸಹಕಾರ ಸಂಘಗಳಲ್ಲಿ ಸಂಘಟಿಸಿತು. ಅಲ್ಲಿ ವಾಯವ್ಯ ಗಡಿ ಪ್ರಾಂತ್ಯದಿಂದ ಬಂದವರು ತಮ್ಮ ಮನೆಗಳನ್ನು ಕಟ್ಟುವ ಕೂಲಿಯನ್ನೂ ತಾವೇ ಪಡೆದು, ಊರಿನೊಂದಿಗೆ ತಮ್ಮ ಬದುಕನ್ನೂ ಕಟ್ಟಿಕೊಂಡರು.

ವಸತಿ ಕಾರ್ಖಾನೆಯ ಪ್ರಯೋಗ

ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಲಕ್ಷಾಂತರ ಮನೆಗಳನ್ನು ಕಟ್ಟಲು ಹಲವು ವರ್ಷಗಳು ಬೇಕು. ಮಳೆ ಮತ್ತು ಚಳಿ ಕಾಯುವುದಿಲ್ಲ. ಆದ್ದರಿಂದ ಮನೆಯ ಭಾಗಗಳನ್ನು ಕಾರ್ಖಾನೆಯಲ್ಲಿ ಎರಕ ಹೊಯ್ದು, ನಿವೇಶನಕ್ಕೆ ಸಾಗಿಸಿ, ಅಲ್ಲಿ ಜೋಡಿಸುವ ಆಲೋಚನೆ ಆಕರ್ಷಕವಾಗಿ ಕಂಡಿತು. ಯುದ್ಧದಲ್ಲಿ ಮನೆಗಳು ನಾಶವಾಗಿದ್ದ ಬ್ರಿಟನ್ನಿನಲ್ಲಿ ಅದೇ ಸಮಯದಲ್ಲಿ ಉಕ್ಕು, ಅಲ್ಯೂಮಿನಿಯಂ ಮತ್ತು ಕಾಂಕ್ರೀಟಿನ ಸಿದ್ಧಮನೆಗಳು ಸಾವಿರಗಟ್ಟಲೆ ತಯಾರಾಗುತ್ತಿದ್ದವು. ಇದೇ ಮಾದರಿಯಲ್ಲಿ ದೆಹಲಿಯ ಜಂಗ್‌ಪುರದಲ್ಲಿ ಸರ್ಕಾರಿ ವಸತಿ ಕಾರ್ಖಾನೆ ಸ್ಥಾಪನೆಯಾಯಿತು.

ಇಲ್ಲಿ ಆಯ್ದುಕೊಂಡ ಸಾಮಗ್ರಿ ನೊರೆ ಕಾಂಕ್ರೀಟು. ಸಿಮೆಂಟಿನ ಮಿಶ್ರಣದಲ್ಲಿ ಗಾಳಿಯ ಸಣ್ಣ ಗುಳ್ಳೆಗಳನ್ನು ತುಂಬಿ ಎರಕ ಹೊಯ್ದರೆ ದೊರೆಯುವ ಈ ವಸ್ತು ಸಾಮಾನ್ಯ ಕಾಂಕ್ರೀಟಿಗಿಂತ ಬಹಳ ಹಗುರ. ಒಳಗೆ ಸಿಕ್ಕಿಕೊಂಡ ಗಾಳಿ ಶಾಖವನ್ನು ನಿಧಾನವಾಗಿ ಸಾಗಿಸುವುದರಿಂದ ದೆಹಲಿಯ ಬೇಸಿಗೆಗೆ ಇದು ಸೂಕ್ತವೆನಿಸಿತು. ಗೋಡೆಯೇ ಭಾರ ಹೊರುವ ಅಂಗವಾಗಿಯೂ ಶಾಖ ತಡೆಯುವ ಹೊದಿಕೆಯಾಗಿಯೂ ಕೆಲಸ ಮಾಡಬೇಕೆಂಬುದು ಉದ್ದೇಶ.

ಕಾರ್ಯರೂಪದಲ್ಲಿ ತೊಡಕುಗಳು ಒಂದರ ಹಿಂದೆ ಒಂದರಂತೆ ಬಂದವು. ನೊರೆ ಕಾಂಕ್ರೀಟು ಹಗುರವಾದಷ್ಟೂ ಬಲದಲ್ಲಿ ಕಡಿಮೆಯಾಗುತ್ತದೆ. ಸರಿಯಾಗಿ ಹದಗೊಳ್ಳದ ಹಲಗೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಎತ್ತುವಾಗ, ಲಾರಿಯಲ್ಲಿ ಸಾಗಿಸುವಾಗ ಅದರ ಅಂಚುಗಳು ಮುರಿಯುತ್ತವೆ. ಅಂಚು ಮುರಿದ ಹಲಗೆಗಳ ನಡುವಿನ ಸಂದು ಭದ್ರವಾಗಿ ಕೂಡುವುದಿಲ್ಲ. ಕಾರ್ಖಾನೆಯ ಹಲಗೆಗಳು ಇಂತಹ ದೋಷಗಳಿಂದ ಬಳಲಿದವು. ನಿರೀಕ್ಷಿಸಿದ ಸಂಖ್ಯೆಯ ಮನೆಗಳು ಸಿದ್ಧವಾಗಲಿಲ್ಲ. ಬಡ ದೇಶದ ಹಣ ವ್ಯರ್ಥವಾಯಿತೆಂದು ಸಂಸತ್ತಿನಲ್ಲಿ ತೀವ್ರ ಟೀಕೆ ಕೇಳಿಬಂತು. ಗುಡಾರಗಳಲ್ಲಿ ಕಾಯುತ್ತಿದ್ದವರಿಗೆ ಭರವಸೆಯ ಮನೆಗಳು ದೊರೆಯಲಿಲ್ಲ. 1951ರಲ್ಲಿ ಕೋನಿಗ್ಸ್‌ಬರ್ಗರ್ ಹುದ್ದೆಯನ್ನು ಬಿಟ್ಟು ಇಂಗ್ಲೆಂಡಿಗೆ ತೆರಳಿದರು. ಭಾರತದಲ್ಲಿ ಅವರ ಹನ್ನೆರಡು ವರ್ಷಗಳ ಸೇವೆ ಹೀಗೆ ಕೊನೆಗೊಂಡಿತು.

ಕಾರ್ಖಾನೆ ಮಾತ್ರ ಮುಚ್ಚಿಹೋಗಲಿಲ್ಲ. 1953ರಲ್ಲಿ ಅದು ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಕಂಪನಿಯಾಗಿ, 1978ರಲ್ಲಿ ಹಿಂದೂಸ್ತಾನ್ ಪ್ರಿಫ್ಯಾಬ್ ಎಂಬ ಹೆಸರನ್ನು ಪಡೆಯಿತು. ವಿದ್ಯುತ್ ಕಂಬ, ರೈಲ್ವೆ ಸ್ಲೀಪರ್ ಮುಂತಾದ ಪೂರ್ವ ಒತ್ತಡದ ಕಾಂಕ್ರೀಟ್ ವಸ್ತುಗಳ ತಯಾರಿಕೆಯಲ್ಲಿ ಅದು ಹೆಸರು ಗಳಿಸಿತು.

ಹಲಗೆ ಗೋಡೆ ಮತ್ತು ಭೂಕಂಪ: ನಂತರದ ಅನುಭವ

ದೆಹಲಿಯ ಪ್ರಯೋಗ ವಿಫಲವಾದುದು ಭೂಕಂಪದಿಂದಲ್ಲ. ಆದರೂ ಅಲ್ಲಿ ಎದುರಾದ ಸಂದಿನ ಸಮಸ್ಯೆ, ಮುಂದೆ ಭೂಕಂಪ ನಿರೋಧಕ ನಿರ್ಮಾಣದ ಮುಖ್ಯ ಪ್ರಶ್ನೆಗಳಲ್ಲೊಂದಾಯಿತು. ಭಾರತೀಯ ಮಾನಕ ಬ್ಯೂರೋದ 2016ರ ಸಂಹಿತೆಯ ನಕ್ಷೆಯಲ್ಲಿ ದೆಹಲಿ ನಾಲ್ಕನೆಯ ಭೂಕಂಪ ವಲಯದಲ್ಲಿಯೂ, ನಿರಾಶ್ರಿತ ಸಿಂಧಿಗಳಿಗಾಗಿ ಕಟ್ಟಿದ ಗಾಂಧಿಧಾಮವಿರುವ ಕಛ್ ಪ್ರದೇಶ ಅತ್ಯಂತ ಅಪಾಯಕಾರಿಯಾದ ಐದನೆಯ ವಲಯದಲ್ಲಿಯೂ ಇವೆ. ಭೂಕಂಪ ನಿರೋಧಕ ವಿನ್ಯಾಸದ ಭಾರತೀಯ ಸಂಹಿತೆ ಮೊದಲು ಪ್ರಕಟವಾದದ್ದು 1962ರಲ್ಲಿ. ಹೀಗಾಗಿ ನಿರಾಶ್ರಿತರ ಊರುಗಳು ಎದ್ದಾಗ ಅಂತಹ ರಾಷ್ಟ್ರೀಯ ಸಂಹಿತೆಯೇ ಇರಲಿಲ್ಲ. 1956ರಲ್ಲಿ ಅಂಜಾರ್‌ನಲ್ಲಿ, 2001ರ ಜನವರಿ 26ರಂದು ಭುಜ್ ಪ್ರದೇಶದಲ್ಲಿ ಸಂಭವಿಸಿದ ಭೂಕಂಪಗಳು ಕಛ್‌ನಲ್ಲಿ ಅಪಾರ ಹಾನಿಯನ್ನುಂಟುಮಾಡಿದವು. ಎರಡನೆಯದರಲ್ಲಿ ಗಾಂಧಿಧಾಮವೂ ನಷ್ಟ ಅನುಭವಿಸಿತು.

ಭೂಕಂಪದಲ್ಲಿ ಕಟ್ಟಡದ ಮೇಲೆ ಬೀಳುವ ಬಲ ಅದರ ತೂಕಕ್ಕೆ ಅನುಗುಣವಾಗಿರುತ್ತದೆ. ನೆಲ ಅಲುಗಿದಾಗ ಭಾರವಾದ ಗೋಡೆ ಮತ್ತು ಮಾಳಿಗೆ ತಮ್ಮ ಜಡತ್ವದಿಂದಲೇ ತಮ್ಮನ್ನು ಮುರಿದುಕೊಳ್ಳುತ್ತವೆ. ಆದ್ದರಿಂದ ಹಗುರವಾದ ಹಲಗೆ ತಾತ್ವಿಕವಾಗಿ ಲಾಭದಾಯಕ. ಆದರೆ ಹಲಗೆಗಳು ಒಂದಕ್ಕೊಂದು ಬಿಗಿಯಾಗಿ ಕಟ್ಟಿಕೊಂಡಿರದಿದ್ದರೆ ಆ ಲಾಭ ಕೈಗೆಟುಕದು. ಭುಜ್ ಭೂಕಂಪದಲ್ಲಿ ಪೂರ್ವನಿರ್ಮಿತ ಹಲಗೆಗಳಿಂದ ಕಟ್ಟಿದ ಅನೇಕ ಗ್ರಾಮೀಣ ಶಾಲೆಗಳು ಸಂದುಗಳ ದೌರ್ಬಲ್ಯದಿಂದಾಗಿ ಕುಸಿದವು. 1988ರ ಡಿಸೆಂಬರಿನಲ್ಲಿ ಅರ್ಮೇನಿಯಾದಲ್ಲಿ ಸಂಭವಿಸಿದ ಸ್ಪಿಟಾಕ್ ಭೂಕಂಪದಲ್ಲಿ ಇದರ ಎರಡು ಮುಖಗಳೂ ಕಂಡವು. ಲೆನಿನಾಕಾನ್ ನಗರದಲ್ಲಿ ಪೂರ್ವನಿರ್ಮಿತ ಕಂಬ ತೊಲೆಗಳ ಚೌಕಟ್ಟಿನ ಬಹುಮಹಡಿ ಕಟ್ಟಡಗಳು ಹೆಚ್ಚಿನ ಸಂಖ್ಯೆಯಲ್ಲಿ ನೆಲಸಮವಾದರೆ, ಕಾಂಕ್ರೀಟಿನ ದೊಡ್ಡ ಹಲಗೆಗಳೇ ಗೋಡೆಗಳಾಗಿ ಎಲ್ಲ ಕಡೆಯಿಂದಲೂ ಕೂಡಿಕೊಂಡಿದ್ದ ಕಟ್ಟಡಗಳು ನಿಂತವು.

ಇಂದು ಉಕ್ಕಿನ ಚೌಕಟ್ಟಿನ ಕಟ್ಟಡಗಳಲ್ಲಿ ನೊರೆ ಕಾಂಕ್ರೀಟಿನ ಜೊತೆಗೆ ಸಂಯುಕ್ತ ನಿರೋಧಕ ಹಲಗೆಗಳೂ ಬಳಕೆಯಲ್ಲಿವೆ. ಎರಡು ತೆಳು ಉಕ್ಕಿನ ತಗಡುಗಳ ನಡುವೆ ಪಾಲಿಯುರೆಥೇನ್ ನೊರೆ ಅಥವಾ ಖನಿಜ ಉಣ್ಣೆಯನ್ನು ತುಂಬಿ ಅಂಟಿಸಿದರೆ ಇಂತಹ ಹಲಗೆಯಾಗುತ್ತದೆ. ತಗಡುಗಳು ಎಳೆತ ಮತ್ತು ಒತ್ತಡಗಳನ್ನು ತಾಳುತ್ತವೆ. ನಡುವಿನ ತಿರುಳು ಅವುಗಳನ್ನು ದೂರದಲ್ಲಿರಿಸಿ ಹಲಗೆಗೆ ಬಿಗಿತ ನೀಡುವುದಲ್ಲದೆ ಶಾಖವನ್ನೂ ತಡೆಯುತ್ತದೆ. ಉಕ್ಕಿನ ಚೌಕಟ್ಟು ಭೂಕಂಪದಲ್ಲಿ ಮುರಿಯದೆ ಬಾಗಿ ತೂಗುವ ಗುಣವುಳ್ಳದ್ದು. ಹಲಗೆಯಾದರೋ ತನ್ನ ಸಮತಲದಲ್ಲಿ ಬಿಗಿ. ಚೌಕಟ್ಟು ಓರೆಯಾದಾಗ ಹಲಗೆ ಅದರೊಡನೆ ಓರೆಯಾಗಲಾರದು. ಆಗ ಇಡೀ ಹೊರೆ ಹಲಗೆಯನ್ನು ಹಿಡಿದಿರುವ ತಿರುಪುಮೊಳೆಗಳ ಮೇಲೆ ಬಿದ್ದು, ಮೊಳೆಯ ಸುತ್ತಲಿನ ತಗಡು ಹರಿಯುತ್ತದೆ, ಇಲ್ಲವೇ ತಗಡು ತಿರುಳಿನಿಂದ ಕಳಚಿ ಸುಕ್ಕುಗಟ್ಟುತ್ತದೆ.

ಇದಕ್ಕೆ ಎರಡು ಬಗೆಯ ಪರಿಹಾರಗಳಿವೆ. ಮೊದಲನೆಯದು, ಹಲಗೆ ಸ್ವಲ್ಪ ಜಾರಲು ಎಡೆಯಿರುವಂತೆ ಉದ್ದನೆಯ ರಂಧ್ರಗಳ ಮೂಲಕ ಅದನ್ನು ಚೌಕಟ್ಟಿಗೆ ಸೇರಿಸುವುದು. ಎರಡನೆಯದು, ಹಲಗೆಯನ್ನೂ ಬಲ ಹೊರುವ ಅಂಗವೆಂದು ಲೆಕ್ಕ ಹಾಕಿ, ಮೊಳೆಗಳ ಸಂಖ್ಯೆ ಮತ್ತು ಸ್ಥಾನಗಳನ್ನು ಅದಕ್ಕೆ ತಕ್ಕಂತೆ ನಿರ್ಧರಿಸುವುದು. ಯಾವ ಲೆಕ್ಕವನ್ನೂ ಮಾಡದೆ, ಹಗುರವಾದ ಕಾರಣಕ್ಕೆ ಹಲಗೆ ತಾನಾಗಿಯೇ ಸುರಕ್ಷಿತವೆಂದು ಭಾವಿಸುವುದೇ ದೊಡ್ಡ ಅಪಾಯ.

ದಖ್ಖನ್ ಪ್ರಸ್ಥಭೂಮಿ ಅಲುಗಾಡದ ನೆಲವೆಂಬ ಹಳೆಯ ನಂಬಿಕೆ 1967ರ ಕೊಯ್ನಾ ಮತ್ತು 1993ರ ಕಿಲ್ಲಾರಿ ಭೂಕಂಪಗಳ ನಂತರ ಉಳಿಯಲಿಲ್ಲ. ಕರ್ನಾಟಕದ ಕರಾವಳಿ ಮೂರನೆಯ ವಲಯದಲ್ಲಿಯೂ ಹಾಸನ ಜಿಲ್ಲೆಯ ಬಹುಭಾಗ ಎರಡನೆಯ ವಲಯದಲ್ಲಿಯೂ ಸೇರಿವೆ. ಸಕಲೇಶಪುರದಂಥ ಘಟ್ಟದ ಸೀಮೆಯಲ್ಲಿ ಮಳೆ, ಗಾಳಿ ಮತ್ತು ಗುಡ್ಡ ಕುಸಿತಗಳು ಹೆಚ್ಚು ಪರಿಚಿತ ವೈರಿಗಳು. 2018ರ ಆಗಸ್ಟ್ ತಿಂಗಳಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗದಲ್ಲಿ ಗುಡ್ಡಗಳು ಕುಸಿದು ಸಂಚಾರ ನಿಂತಿತ್ತು. ಅಲ್ಲಿ ಹಲಗೆ ಗೋಡೆಯ ಮನೆ ಕಟ್ಟುವವರು ಭೂಕಂಪದ ಜೊತೆಗೆ, ಸಂದಿನಿಂದ ಒಳನುಗ್ಗುವ ನೀರು, ತುಕ್ಕು ಹಿಡಿಯುವ ಮೊಳೆ, ಇಳಿಜಾರಿನ ನೆಲದ ಭದ್ರತೆ ಇವುಗಳನ್ನೂ ಗಮನಿಸಬೇಕಾಗುತ್ತದೆ. ಸ್ಥಳವನ್ನರಿಯದೆ ತಂದ ತಂತ್ರಜ್ಞಾನ ನಿಲ್ಲದೆಂಬ ಜಂಗ್‌ಪುರದ ಪಾಠ ಇಲ್ಲಿಗೂ ಅನ್ವಯಿಸುತ್ತದೆ.

ಲಂಡನ್ನಿನ ಬೋಧನೆ ಮತ್ತು ವಿಶ್ವಸಂಸ್ಥೆಯ ಕಾರ್ಯ

1953ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪ ಕುರಿತು ಸಮ್ಮೇಳನವೊಂದು ನಡೆಯಿತು. ಏಷ್ಯಾ ಮತ್ತು ಆಫ್ರಿಕಾಗಳಿಂದ ಬಂದ ವಿದ್ಯಾರ್ಥಿಗಳಿಗೆ ಇಂಗ್ಲೆಂಡಿನ ಹವೆಗೆ ತಕ್ಕ ಪಾಠಗಳನ್ನೇ ಕಲಿಸುತ್ತಿರುವ ಕೊರತೆ ಅಲ್ಲಿ ಚರ್ಚೆಗೆ ಬಂತು. ಅದರ ಫಲವಾಗಿ 1954ರಲ್ಲಿ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ ಮ್ಯಾಕ್ಸ್‌ವೆಲ್ ಫ್ರೈ ಅವರ ನೇತೃತ್ವದಲ್ಲಿ ಪ್ರತ್ಯೇಕ ವಿಭಾಗವೊಂದು ಆರಂಭವಾಯಿತು. 1957ರಲ್ಲಿ ಕೋನಿಗ್ಸ್‌ಬರ್ಗರ್ ಅದರ ಮುಖ್ಯಸ್ಥರಾದರು. 1971ರಲ್ಲಿ ಈ ವಿಭಾಗ ಯೂನಿವರ್ಸಿಟಿ ಕಾಲೇಜಿಗೆ ವರ್ಗವಾಗಿ ಅಭಿವೃದ್ಧಿ ಯೋಜನಾ ಘಟಕವೆಂಬ ಹೆಸರು ಪಡೆಯಿತು. ಅದು ಇಂದಿಗೂ ಕಾರ್ಯನಿರತವಾಗಿದೆ.

ಇದರ ಜೊತೆಯಲ್ಲಿ ವಿಶ್ವಸಂಸ್ಥೆಯ ತಜ್ಞರಾಗಿ ಅನೇಕ ದೇಶಗಳಿಗೆ ಭೇಟಿ ನೀಡಿದರು. 1950ರ ದಶಕದ ಮಧ್ಯಭಾಗದಲ್ಲಿ ಚಾರ್ಲ್ಸ್ ಅಬ್ರಾಮ್ಸ್ ಮತ್ತು ವ್ಲಾದಿಮಿರ್ ಬೋದಿಯಾನ್‌ಸ್ಕಿ ಅವರೊಡನೆ, ಈಗ ಘಾನಾ ಎನಿಸಿರುವ ಗೋಲ್ಡ್ ಕೋಸ್ಟಿನ ವಸತಿ ಸ್ಥಿತಿಯನ್ನು ಅಧ್ಯಯನ ಮಾಡಿದರು. ಅಲ್ಲಿ ಕಾರ್ಖಾನೆಯ ಸಿದ್ಧಮನೆಗಳನ್ನು ಈ ತಂಡ ಶಿಫಾರಸು ಮಾಡಲಿಲ್ಲ. ಹಳ್ಳಿಗರು ಮಣ್ಣಿನ ಗೋಡೆಯನ್ನು ತಾವೇ ಕಟ್ಟಬಲ್ಲರು, ಅವರಿಗೆ ಹಣ ಸಾಲದೆ ಹೋಗುವುದು ಮಾಡಿಗೆ ಎಂಬುದನ್ನು ಗುರುತಿಸಿ, ಮಾಡಿಗಾಗಿ ಸಾಲ ನೀಡುವ ಯೋಜನೆಯನ್ನು ಮುಂದಿಟ್ಟಿತು. ಜನರ ಕೈಯಲ್ಲಿರುವ ಕೌಶಲವನ್ನು ಬಳಸಿಕೊಂಡು, ಇಲ್ಲದ್ದನ್ನು ಮಾತ್ರ ಸರ್ಕಾರ ಒದಗಿಸುವ ಈ ಕ್ರಮವು ದೆಹಲಿಯ ವಸತಿ ಕಾರ್ಖಾನೆಯ ಕ್ರಮಕ್ಕೆ ತೀರ ಭಿನ್ನವಾದುದು. 1963ರಲ್ಲಿ ಅಬ್ರಾಮ್ಸ್ ಮತ್ತು ಸುಸುಮು ಕೋಬೆ ಅವರೊಡನೆ ಸಿಂಗಪುರದ ಬೆಳವಣಿಗೆಯ ಬಗ್ಗೆ ವರದಿ ಸಿದ್ಧಪಡಿಸಿದರು. ದ್ವೀಪದ ನಡುವಿನ ಜಲಾಶಯ ಮತ್ತು ಹಸಿರನ್ನು ಕಾಯ್ದುಕೊಂಡು ಸುತ್ತಲೂ ಊರುಗಳನ್ನು ಬೆಳೆಸುವ ಉಂಗುರ ನಗರದ ಕಲ್ಪನೆ ಆ ವರದಿಯಲ್ಲಿದೆ.

ಹಲವು ವರ್ಷಗಳನ್ನು ತೆಗೆದುಕೊಳ್ಳುವ ಬೃಹತ್ ನಕ್ಷೆಗಳು, ವೇಗವಾಗಿ ಬೆಳೆಯುವ ಊರುಗಳಲ್ಲಿ ಮುಗಿಯುವ ಮೊದಲೇ ಹಳತಾಗುತ್ತವೆಂದು ಕಂಡುಕೊಂಡ ಇವರು 1964ರಲ್ಲಿ ಕ್ರಿಯಾ ಯೋಜನೆ ಎಂಬ ವಿಧಾನವನ್ನು ಮಂಡಿಸಿದರು. ತುರ್ತಾದುದನ್ನು ಕೈಗೆತ್ತಿಕೊಂಡು, ಫಲಿತಾಂಶವನ್ನು ನೋಡಿ, ಮುಂದಿನ ಹೆಜ್ಜೆಯನ್ನು ತಿದ್ದಿಕೊಳ್ಳುವುದು ಅದರ ಸಾರ.

ಕೃತಿಗಳು

ಟಿ. ಜಿ. ಇಂಗರ್‌ಸೋಲ್, ಅಲನ್ ಮೇಹ್ಯೂ ಮತ್ತು ಎಸ್. ವಿ. ಸೊಕೊಲೈ ಅವರೊಡನೆ ಸಿದ್ಧಪಡಿಸಿದ ಉಷ್ಣವಲಯದ ವಸತಿ ಮತ್ತು ಕಟ್ಟಡ ನಿರ್ಮಾಣದ ಕೈಪಿಡಿ 1970ರ ದಶಕದ ಆರಂಭದಲ್ಲಿ ಪ್ರಕಟವಾಯಿತು. ಸೂರ್ಯನ ಚಲನೆ, ಶಾಖದ ಹರಿವು, ಗಾಳಿ, ನೆರಳು, ಬೆಳಕು ಇವುಗಳನ್ನು ಲೆಕ್ಕ ಹಾಕುವ ವಿಧಾನವನ್ನು ತಿಳಿಯಾಗಿ ವಿವರಿಸುವ ಈ ಗ್ರಂಥ ಭಾರತದ ವಾಸ್ತುಶಿಲ್ಪ ಕಾಲೇಜುಗಳಲ್ಲಿ ಪಠ್ಯವಾಗಿ ಬಳಕೆಯಲ್ಲಿದೆ. ಒಂದು ಊರಿನ ಉಷ್ಣತೆ, ತೇವಾಂಶ ಮತ್ತು ಮಳೆಯ ಅಂಕಿಗಳನ್ನು ತುಂಬಿ, ಅಲ್ಲಿನ ಕಟ್ಟಡದ ದಿಕ್ಕು, ಗೋಡೆ ಮತ್ತು ಮಾಡಿನ ಸ್ವರೂಪಗಳನ್ನು ನಿರ್ಧರಿಸಲು ನೆರವಾಗುವ ಮಹೋನಿ ಕೋಷ್ಟಕಗಳನ್ನು ಕಾರ್ಲ್ ಮಹೋನಿ ಅವರು ಕೋನಿಗ್ಸ್‌ಬರ್ಗರ್ ಅವರ ವಿಭಾಗದಲ್ಲಿಯೇ ರೂಪಿಸಿದರು. ಹ್ಯಾಬಿಟ್ಯಾಟ್ ಇಂಟರ್‌ನ್ಯಾಷನಲ್ ಎಂಬ ವಿದ್ವತ್ ಪತ್ರಿಕೆಯ ಸ್ಥಾಪಕ ಸಂಪಾದಕರೂ ಇವರೇ.

ನಿಧನ ಮತ್ತು ಪರಂಪರೆ

1989ರಲ್ಲಿ ವಿಶ್ವಸಂಸ್ಥೆಯ ಹ್ಯಾಬಿಟ್ಯಾಟ್ ಗೌರವ ಪತ್ರ ಇವರಿಗೆ ಸಂದಿತು. 1999ರ ಜನವರಿ 3ರಂದು ತಮ್ಮ 90ನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿ ನಿಧನರಾದರು.

ಕರ್ನಾಟಕದಲ್ಲಿ ಇವರ ನೆನಪು ಮುಖ್ಯವಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ಕಟ್ಟಡಗಳಲ್ಲಿ ಮತ್ತು ಬಸವನಗುಡಿಯ ಮಂಟಪದಲ್ಲಿ ಉಳಿದಿದೆ. ಭುವನೇಶ್ವರ ಲಕ್ಷಾಂತರ ಜನರ ಮಹಾನಗರವಾಗಿ ಬೆಳೆದಿದೆ. ಇವರಿಂದ ತರಬೇತಿ ಪಡೆದ ಏಷ್ಯಾ, ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ವಿದ್ಯಾರ್ಥಿಗಳು ತಮ್ಮ ದೇಶಗಳಲ್ಲಿ ವಸತಿ ಮತ್ತು ನಗರ ಯೋಜನೆಯ ಕೆಲಸಗಳನ್ನು ನಿರ್ವಹಿಸಿದರು. ಜಂಗ್‌ಪುರದ ಕಾರ್ಖಾನೆಯ ವೈಫಲ್ಯ ಇವರ ಬದುಕಿನಲ್ಲಿ ಅಳಿಸಲಾಗದ ಅಧ್ಯಾಯ. ಪೂರ್ವನಿರ್ಮಿತ ಮನೆಗಳ ಚರ್ಚೆ ಭಾರತದಲ್ಲಿ ಮತ್ತೆ ಮತ್ತೆ ಏಳುವಾಗಲೆಲ್ಲ ಸಂಶೋಧಕರು ಆ ಅಧ್ಯಾಯವನ್ನು ಇಂದಿಗೂ ತೆರೆದು ನೋಡುತ್ತಾರೆ.